ಹೊಲ ಹಸಿರಾಗಿದ್ದರೆ ಬರ ಇಲ್ಲವೇ?

‘ಮಳೆ ಬಂದಿದೆ, ಹೊಲ ಹಸಿರಾಗಿದೆ, ಇನ್ನೆಲ್ಲಿಯ ಬರ?’ ಮಧುಗಿರಿಯಿಂದ ಶಿರಾ ಕಡೆಗೆ ಹೋಗುವವರು ಬಡವನಹಳ್ಳಿ ಆಸುಪಾಸಿನ ಹೊಲಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಹೀಗೆ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಓದಿದವರೇ ಹೇಳುತ್ತಾರೆ. ಬಿರುಕು ಬಿಟ್ಟ ಕೆರೆಯಂಗಳ, ಸಾಲುಗಟ್ಟಿದ ಖಾಲಿ ಕೊಡ ಕಂಡರಷ್ಟೇ ಬರ ಎಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ.

ಒಂದು ಕಡಲೆಕಾಯಿ ಗಿಡ ಕಿತ್ತು ನೋಡಲಿ. ಕಡಲೆಕಾಯಿ ಹೂ ಬಿಡುವುದು ಮಣ್ಣಿನ ಮೇಲೆ, ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂ ಉದುರಿದ ಮೇಲೆ ಅದರ ಬುಡದಿಂದ ಸೂಜಿಯಂಥ ಮೊನೆ ಹೊರಟು ನೆಲಕ್ಕಿಳಿಯಬೇಕು. ಆ ಹೊತ್ತಿಗೆ ಎರಡು–ಮೂರು ವಾರ ಮಳೆ ಕೈಕೊಟ್ಟರೆ ಕೆಂಪು ಮಣ್ಣಿನ ಮೇಲ್ಪದರ ಗಟ್ಟಿಯಾಗುತ್ತದೆ, ಮೊನೆ ಒಳಗೆ ಇಳಿಯುವುದೇ ಇಲ್ಲ. ಆಮೇಲೆ ಹದ ಮಳೆ ಬಂದರೆ ಎಲೆ ಮತ್ತೆ ಚಿಗುರುತ್ತದೆ, ಹೊಲವೆಲ್ಲ ಹಸಿರಾಗುತ್ತದೆ. ಕಿತ್ತರೆ ಬುಡದಲ್ಲಿ ನಾಲ್ಕು ಕಾಯಿ, ಅದರಲ್ಲಿ ಎರಡು ಜೊಳ್ಳು. ಬೀಜ, ಗೊಬ್ಬರ, ಕಳೆ ಕೂಲಿ ಎಲ್ಲ ಅಷ್ಟೊತ್ತಿಗೆ ಖರ್ಚಾಗಿರುತ್ತದೆ.

2023ರ ಅಕ್ಟೋಬರ್‌ನಲ್ಲಿ ಕೇಂದ್ರದ ಅಧ್ಯಯನ ತಂಡ ರಾಜ್ಯಕ್ಕೆ ಬಂದಾಗ ಕಂದಾಯ ಸಚಿವ ಕೃಷ್ಣ ಬೈರೇಗೌಡರು ‘ಗ್ರೀನ್ ಡ್ರಾಟ್’, ಅಂದರೆ ಹಸಿರು ಬರ, ಎಂದು ವಿವರಿಸಿದ್ದು ಇದನ್ನೇ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯೂ ಮಳೆಯ ಒಟ್ಟು ಲೆಕ್ಕಕ್ಕೆ ನಿಲ್ಲುವುದಿಲ್ಲ. ಮಳೆಯ ಕೊರತೆ, ಸತತ ಒಣ ವಾರಗಳು, ಬಿತ್ತನೆಯ ವಿಸ್ತೀರ್ಣ, ಮಣ್ಣಿನ ತೇವಾಂಶ, ಅಂತರ್ಜಲ, ಉಪಗ್ರಹ ಚಿತ್ರ ಎಲ್ಲವನ್ನೂ ನೋಡಿ, ಕೊನೆಗೆ ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳ ಹೊಲಕ್ಕೆ ಹೋಗಿ ಪರೀಕ್ಷಿಸಬೇಕು ಎನ್ನುತ್ತದೆ. ಉಪಗ್ರಹಕ್ಕೆ ಕಾಣುವುದು ಎಲೆ, ಕಾಯಿ ಅಲ್ಲ. ಹೊಲಕ್ಕೆ ಇಳಿದು ನೋಡಲೇಬೇಕು ಎನ್ನುವುದು ಅದಕ್ಕೇ.

ವರ್ಷದ ಮಳೆ ಸರಾಸರಿ ಮುಟ್ಟಿತು ಎಂಬ ಸುದ್ದಿಯನ್ನೂ ಇಲ್ಲಿ ನಂಬುವಂತಿಲ್ಲ. ಶಿರಾ, ಪಾವಗಡದ ಕಡೆ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಆಗಸ್ಟ್‌ನಲ್ಲಿ ಒಣಗಿದ ಬೆಳೆ ಅಕ್ಟೋಬರ್ ಮಳೆಗೆ ಎದ್ದು ಕೂರುವುದಿಲ್ಲ.

ಬರ ಘೋಷಣೆಯಾದರೆ ಬೆಳೆ ವಿಮೆ ತಾನಾಗಿ ಬರುತ್ತದೆ ಎನ್ನುವುದೂ ಸುಳ್ಳು. ವಿಮೆಯ ಲೆಕ್ಕವೇ ಬೇರೆ, ಕಂತು ಕಟ್ಟಿದವರಿಗೆ ಮಾತ್ರ.

ಹೆಚ್ಚು ಹಾನಿ ಮಾಡುತ್ತಿರುವುದು ‘ಬರ ಅಂದರೆ ಸಾಲ ಮನ್ನಾ’ ಎಂಬ ನಂಬಿಕೆ. ಘೋಷಣೆಯಿಂದ ಸಾಲದ ಅವಧಿ ವಿಸ್ತರಣೆಗೆ ದಾರಿಯಾಗಬಹುದು, ಅಷ್ಟೇ. 2017ರ, 2018ರ ಮನ್ನಾಗಳು ಆಯಾ ಸರ್ಕಾರ ಬೇರೆಯಾಗಿ ತೆಗೆದುಕೊಂಡ ತೀರ್ಮಾನಗಳು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಸಾಲು ನಂಬಿ ಸಹಕಾರ ಸಂಘದ ಕಂತು ನಿಲ್ಲಿಸಿದವರು ಶೂನ್ಯ ಬಡ್ಡಿಯ ಸೌಲಭ್ಯವನ್ನೇ ಕಳೆದುಕೊಳ್ಳುತ್ತಾರೆ. ಯಾರು ಬರೆದರು, ಯಾವ ಆದೇಶ, ಯಾವ ದಿನಾಂಕ ಎಂದು ಕೇಳುವ ಅಭ್ಯಾಸವೇ ನಮಗೆ ಹೋಗಿಬಿಟ್ಟಿದೆ. ಬೀಜ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವವರು ಇದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾರೆ.

ಘೋಷಣೆಯಿಂದ ನಿಜವಾಗಿ ಸಿಗುವುದು ಬೆಳೆ ಹಾನಿಯ ಇನ್‌ಪುಟ್ ಸಬ್ಸಿಡಿ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು. 2023ರ ಬರಕ್ಕೆ ಅನ್ವಯವಾದ ದರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಹಣ ರೈತರ ನೋಂದಣಿಯ ‘ಫ್ರೂಟ್ಸ್’ ದಾಖಲೆ ನೋಡಿ ನೇರ ಖಾತೆಗೆ ಬೀಳುತ್ತದೆ. ನಿಮ್ಮ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿದೆಯೇ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಈಗಲೇ ನೋಡಿಸಿ. ಸಮೀಕ್ಷೆಗೆ ಬಂದವರನ್ನು ಬದುವಿನ ಮೇಲೆ ನಿಲ್ಲಿಸಿ ಕಳಿಸಬೇಡಿ. ಹೊಲದೊಳಕ್ಕೆ ಕರೆದು, ಗಿಡ ಕೀಳಿಸಿ, ಕಾಯಿ ಎಣಿಸಿ ಬರೆಸಿ.