ನುಚ್ಚು ಅಡುಗೆಗೆ, ಚುನ್ನಿ ಹಸುವಿಗೆ

ಅಕ್ಕಂದಿರೇ, ಮಿಲ್ಲಿನಲ್ಲಿ ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸಿಗುವ ಬೇಳೆ 70ರಿಂದ 75 ಕಿಲೋ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಇವೆಲ್ಲ ಒಂದೇ ಎಂದುಕೊಂಡು ತಂದರೆ ನಷ್ಟ ನಮಗೇ.

ನುಚ್ಚು: ಇದು ಒಡೆದ ಬೇಳೆಯೇ. ಬೇಳೆಯಂತೆ ಇದರಲ್ಲೂ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಬೆಲೆ ಮಾತ್ರ ಕಡಿಮೆ. ಶುಚಿಯಾದ ನುಚ್ಚನ್ನು ಕಲ್ಲು, ಹುಳು ನೋಡಿ ಮೊರದಲ್ಲಿ ಕೇರಿ, ಚೆನ್ನಾಗಿ ತೊಳೆದು ಸಾರು, ಹುಳಿಗೆ ಬಳಸಿ. ಒಂದು ಗಂಟೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ತೆಂಗಿನ ತುರಿ, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಹಬೆಯಲ್ಲಿ ಬೇಯಿಸಿದರೆ ನುಚ್ಚಿನುಂಡೆ ಸಿದ್ಧ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಒಳ್ಳೆಯದು. ಮಿಲ್ಲಿನ ನೆಲ ಗುಡಿಸಿದ ನುಚ್ಚು ಅಡುಗೆಗೆ ಬೇಡ.

ಚುನ್ನಿ: ಹೊಟ್ಟು, ಸಣ್ಣ ನುಚ್ಚು, ಪುಡಿ ಬೆರೆತದ್ದು ಚುನ್ನಿ. ಒಳ್ಳೆಯ ಚುನ್ನಿಯಲ್ಲಿ ಪ್ರೋಟೀನ್ ಶೇ 15ರಿಂದ 18ರಷ್ಟಿರುತ್ತದೆ. ಬರೀ ಹೊಟ್ಟಿನಲ್ಲಿ ಅದರ ಅರ್ಧವೂ ಇರುವುದಿಲ್ಲ, ನಾರೇ ಹೆಚ್ಚು. ಚುನ್ನಿಯ ಬೆಲೆ ಕೊಟ್ಟು ಹೊಟ್ಟು ತಂದರೆ ಹಸುವಿನ ಹೊಟ್ಟೆ ತುಂಬುತ್ತದೆ, ಹಾಲಿನ ಕ್ಯಾನು ತುಂಬುವುದಿಲ್ಲ.

ಕೊಳ್ಳುವ ಮೊದಲು ಒಂದು ಹಿಡಿಯನ್ನು ಲೋಟದ ನೀರಿಗೆ ಹಾಕಿ ಕಲಕಿ. ಹೊಟ್ಟು ತೇಲುತ್ತದೆ, ಬೇಳೆಯ ಚೂರು ಮುಳುಗುತ್ತದೆ. ತಳದಲ್ಲಿ ಕೂತದ್ದನ್ನು ಬೆರಳಲ್ಲಿ ಉಜ್ಜಿ; ಮರಳಿದ್ದರೆ ಗೊತ್ತಾಗುತ್ತದೆ.

ಮನೆಯಲ್ಲೇ 100 ಕಿಲೋ ಪಶು ಆಹಾರ ಮಾಡಲು:
ಮುಸುಕಿನ ಜೋಳದ ನುಚ್ಚು – 35 ಕಿಲೋ
ಶೇಂಗಾ ಹಿಂಡಿ – 25 ಕಿಲೋ
ತೊಗರಿ ಚುನ್ನಿ – 20 ಕಿಲೋ
ಗೋಧಿ ಬೂಸಾ – 17 ಕಿಲೋ
ಖನಿಜ ಮಿಶ್ರಣ – 2 ಕಿಲೋ
ಉಪ್ಪು – 1 ಕಿಲೋ

ಹೊಸ ಆಹಾರವನ್ನು ಒಮ್ಮೆಲೇ ಹಾಕಬೇಡಿ. ಹಳೆಯದರ ಜೊತೆ ಬೆರೆಸುತ್ತಾ ಒಂದು ವಾರದಿಂದ ಹತ್ತು ದಿನದಲ್ಲಿ ಬದಲಿಸಿ. ಹಸಿರು ಮೇವು, ಒಣ ಮೇವು ಎಂದಿನಂತೆ ಇರಲಿ.

ಬೂಷ್ಟು ಹಿಡಿದ ಚುನ್ನಿ ಬೇಡವೇ ಬೇಡ. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷದ ಅಂಶ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಅದೇ ಹಾಲನ್ನು ನಮ್ಮ ಮಕ್ಕಳೂ ಕುಡಿಯುತ್ತಾರೆ. ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಮಳೆಗಾಲದಲ್ಲಿ ಎರಡು ವಾರಕ್ಕೆ ಬೇಕಾದಷ್ಟೇ ತನ್ನಿ. ಮುಗ್ಗಲು ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಹಿಂದಿರುಗಿಸಿ.