ಶ್ವಾಸಕೋಶದ ಗಂಟು: ಗಟ್ಟಿಯೋ, ಮೆತ್ತಗೋ?



ಸ್ಕ್ಯಾನಿಂಗ್ ಅಂದ ಕೂಡಲೇ ನಮಗೆ ಬಸುರಿ ಹೆಂಗಸರ ನೆನಪಾಗುತ್ತದೆ. ಆದರೆ ಅದೇ ಯಂತ್ರ ಈಗ ಬೇರೆ ಕೆಲಸಗಳಿಗೂ ಬರುತ್ತಿದೆ. ಸಂಘದ ಸಭೆಯೊಂದರಲ್ಲಿ ಒಬ್ಬ ಸದಸ್ಯೆ ತಮ್ಮ ಗಂಡನ ರಿಪೋರ್ಟು ತಂದಿದ್ದರು. "ಸಿಸ್ಟರ್, ಶ್ವಾಸಕೋಶದಲ್ಲಿ ಗಂಟು ಇದೆಯಂತೆ. ಎಲಾಸ್ಟೋಗ್ರಫಿ ಮಾಡಿಸಿದ್ರೆ ಸೂಜಿ ಚುಚ್ಚೋದು ಬೇಡ ಅಂತ ಯಾರೋ ಹೇಳಿದ್ರು. ಸಂಘದಿಂದ ಸಾಲ ತಗೊಳ್ಳಲಾ?" ಎಂದು ಕೇಳಿದರು. ಈ ಪ್ರಶ್ನೆ ನಾಳೆ ನಮ್ಮಲ್ಲಿ ಯಾರಿಗೂ ಬರಬಹುದು. ಆದ್ದರಿಂದ ತಿಳಿದುಕೊಳ್ಳೋಣ.

ಎಲಾಸ್ಟೋಗ್ರಫಿ ಎಂದರೇನು?

ಮಾವಿನಹಣ್ಣು ಕೊಳ್ಳುವಾಗ ನಾವು ಮೆಲ್ಲಗೆ ಒತ್ತಿ ನೋಡುತ್ತೇವೆ. ಸ್ತನದಲ್ಲಿ ಗಂಟಿದ್ದರೆ ಡಾಕ್ಟರೂ ಬೆರಳಿನಿಂದ ಒತ್ತಿ ನೋಡುತ್ತಾರೆ. ಯಾಕೆಂದರೆ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಸುತ್ತಲಿನ ಭಾಗಕ್ಕಿಂತ ಗಟ್ಟಿ. ಆದರೆ ಪಕ್ಕೆಲುಬಿನ ಒಳಗಿರುವ ಶ್ವಾಸಕೋಶಕ್ಕೆ ಬೆರಳು ತಲುಪುವುದಿಲ್ಲ. ಈ ಒತ್ತಿ ನೋಡುವ ಕೆಲಸವನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಮಾಡುವುದೇ ಎಲಾಸ್ಟೋಗ್ರಫಿ. 1991ರಲ್ಲಿ ಅಮೆರಿಕದಲ್ಲಿ ಜೊನಾಥನ್ ಓಫಿರ್ ಮತ್ತು ಸಂಗಡಿಗರು ಈ ವಿಧಾನವನ್ನು ಪ್ರಕಟಿಸಿದರು. ಲಿವರ್, ಸ್ತನ, ಥೈರಾಯ್ಡ್ ಪರೀಕ್ಷೆಗಳಲ್ಲಿ ಇದು ಬಳಕೆಯಲ್ಲಿದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ, ಒತ್ತಿದಾಗ ಅಥವಾ ಉಸಿರು, ಹೃದಯಬಡಿತದಿಂದ ಅಲುಗಿದಾಗ ಯಾವ ಭಾಗ ಎಷ್ಟು ಕುಗ್ಗಿತು ಎಂದು ಬಣ್ಣಗಳಲ್ಲಿ ಕಾಣುತ್ತದೆ. ಇನ್ನೊಂದರಲ್ಲಿ, ಯಂತ್ರವೇ ಒಳಗೆ ಸಣ್ಣ ಕಂಪನ ಎಬ್ಬಿಸಿ ಅದರ ವೇಗ ಅಳೆಯುತ್ತದೆ. ಗಟ್ಟಿ ಭಾಗದಲ್ಲಿ ವೇಗ ಹೆಚ್ಚು, ಮೆತ್ತಗಿದ್ದಲ್ಲಿ ಕಡಿಮೆ. ಎಕ್ಸ್‌ರೇಯಲ್ಲಿರುವ ವಿಕಿರಣ ಇದರಲ್ಲಿ ಇಲ್ಲ.

ಶ್ವಾಸಕೋಶದಲ್ಲಿ ತೊಡಕೇನು?

ತೊಡಕು ಗಾಳಿಯದು. ಅಲ್ಟ್ರಾಸೌಂಡ್ ಅಲೆ ಗಾಳಿಯನ್ನು ದಾಟುವುದಿಲ್ಲ. ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಗೆ ಜೆಲ್ ಹಚ್ಚುವುದೂ ನಡುವೆ ಗಾಳಿ ಉಳಿಯಬಾರದೆಂದೇ. ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ, ಹೊರಪದರಕ್ಕೆ ತಾಗಿದ ಗಂಟು ಮಾತ್ರ ಎದೆಯ ಮೇಲಿನಿಂದ ಕಾಣುತ್ತದೆ. ಶ್ವಾಸನಾಳದ ಪಕ್ಕದ ಗ್ರಂಥಿಗಳನ್ನು ನೋಡಲು, ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಸಪೂರ ಕೊಳವೆಯನ್ನು ಬಾಯಿಯ ಮೂಲಕ ಇಳಿಸುತ್ತಾರೆ.

ಗಟ್ಟಿ ಅಂದರೆ ಕ್ಯಾನ್ಸರೇ?

ಹಾಗೇನಿಲ್ಲ. ನ್ಯುಮೋನಿಯಾ ಆದ ಭಾಗ ಹೆಚ್ಚಾಗಿ ಮೆತ್ತಗೆ, ಕ್ಯಾನ್ಸರ್ ಹೆಚ್ಚಾಗಿ ಗಟ್ಟಿ, ನಿಜ. ಆದರೆ ಹಳೆಯ ಟಿ.ಬಿ. ಕಲೆಯೂ ಗಟ್ಟಿಯಾಗಿರುತ್ತದೆ. ಒಳಗೆ ಕೊಳೆತ ಕ್ಯಾನ್ಸರ್ ಗಂಟು ಮೆತ್ತಗಿರಬಹುದು. ಗಂಟು ಎಲ್ಲಿದೆ, ಎಷ್ಟು ದೊಡ್ಡದು ಎಂದು ಸಿ.ಟಿ. ಸ್ಕ್ಯಾನ್ ಹೇಳುತ್ತದೆ. ಅದು ಏನು ಎಂದು ಖಚಿತವಾಗಿ ಹೇಳುವುದು ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ನೋಡುವ ಪರೀಕ್ಷೆ. ಸೂಜಿ ಎಲ್ಲಿ ಹಾಕಿದರೆ ಒಳ್ಳೆ ಚೂರು ಸಿಗುತ್ತದೆ ಎಂದು ತೋರಿಸಲು ಎಲಾಸ್ಟೋಗ್ರಫಿ ನೆರವಾಗುತ್ತದೆ. ಅದು ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

ಆ ಸಹೋದರಿಗೆ ನಾವು ಹೇಳಿದ್ದು ಇಷ್ಟೇ: ಡಾಕ್ಟರು ಬರೆದುಕೊಟ್ಟಿದ್ದರೆ ಮಾಡಿಸಿ. ಬಯಾಪ್ಸಿ ತಪ್ಪಿಸಲಿಕ್ಕೆಂದು ಸಾಲ ಮಾಡಬೇಡಿ. ಸೂಜಿ ತಾಗಿದರೆ ಗಂಟು ಹರಡುತ್ತದೆ ಅಂತ ಹೆದರುವವರಿದ್ದಾರೆ. ಹಾಗಾಗುವುದು ತೀರಾ ಅಪರೂಪ. ತಡಮಾಡಿದರೆ ಮಾತ್ರ ನಷ್ಟ ನಮ್ಮದೇ.

ನಾವು ಮಾಡಬೇಕಾದ್ದು

* ಎರಡು ವಾರ ಮೀರಿದ ಕೆಮ್ಮಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ಅದು ಉಚಿತ.
* ಟಿ.ಬಿ. ಮಾತ್ರೆ ತೆಗೆದುಕೊಂಡರೂ ಗುಣ ಕಾಣದಿದ್ದರೆ ಸುಮ್ಮನಿರಬೇಡಿ, ಮತ್ತೆ ಡಾಕ್ಟರನ್ನು ಕೇಳಿ.
* ಕಫದಲ್ಲಿ ರಕ್ತ, ತೂಕ ಇಳಿಯುವುದು, ಸ್ವರ ಒಡೆಯುವುದು ಕಂಡರೆ ಬೇಗ ತೋರಿಸಿ. ಬೀಡಿ ಮುಟ್ಟದ ಹೆಂಗಸರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಒಲೆಯ ಹೊಗೆಯೂ ಒಂದು ಕಾರಣ.
* ಬಿ.ಪಿ.ಎಲ್. ಕಾರ್ಡಿದ್ದರೆ ಸಾಲಕ್ಕೆ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಹಳೆಯ ಕೆಮ್ಮಿದೆ? ಅವರ ಜೊತೆ ಆಸ್ಪತ್ರೆಗೆ ಹೋಗುವವರು ಯಾರು?