ಗಣಕಯಂತ್ರದ ಭಾಷಾಂತರಕಾರ

ಕಳೆದ ವರ್ಷ ನಾವು ಪದವಿ ತರಗತಿಯ ಕೆಲವು ವಿದ್ಯಾರ್ಥಿಗಳೊಡನೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯನ್ನು ನೋಡಲು ಹೋಗಿದ್ದೆವು. ಒಳಗೆ ನಾಲ್ಕು ಲೇತುಗಳು ತಿರುಗುತ್ತಿದ್ದವು; ಉಕ್ಕಿನ ಸುರುಳಿಗಳು ಎಣ್ಣೆಯಲ್ಲಿ ತೊಯ್ದು ನೆಲಕ್ಕೆ ಬೀಳುತ್ತಿದ್ದವು. ಒಬ್ಬ ವಿದ್ಯಾರ್ಥಿನಿ ಅಲ್ಲಿಯ ಯಜಮಾನರನ್ನು ಕೇಳಿದಳು: "ಈ ಲೇತನ್ನು ಯಾವ ಮಿಷನ್ನಿನಲ್ಲಿ ಮಾಡುತ್ತಾರೆ ಸಾರ್?"

"ಇನ್ನೊಂದು ಲೇತಿನಲ್ಲಮ್ಮ."

"ಹಾಗಾದರೆ ಮೊಟ್ಟಮೊದಲನೆಯ ಲೇತು?"

ಯಜಮಾನರು ನಕ್ಕು ನಮ್ಮತ್ತ ಕೈ ತೋರಿಸಿದರು. ಉತ್ತರ ತಕ್ಷಣ ಹೊಳೆಯದಿದ್ದಾಗ ಮೇಷ್ಟರಾದವರು ಮಾಡುವುದನ್ನೇ ನಾವೂ ಮಾಡಿದೆವು. ಹಿಂದಿರುಗುವಾಗ ಬಸ್ಸಿನಲ್ಲಿ ಹೇಳುತ್ತೇವೆಂದೆವು.

ಲೇತನ್ನು ತಾಯಿಯಂತ್ರವೆಂದು ಕರೆಯುವುದು ವಾಡಿಕೆ. ಬೇರೆ ಯಂತ್ರಗಳ ಭಾಗಗಳನ್ನು ಅದು ಹೆರುತ್ತದೆ. ತನ್ನಂಥ ಇನ್ನೊಂದು ಲೇತಿನ ಭಾಗಗಳನ್ನೂ ಹೆರುತ್ತದೆ. ಪೀಣ್ಯಕ್ಕೆ ಅಂಟಿಕೊಂಡಂತಿರುವ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯನ್ನು ಸ್ಥಾಪಿಸಿದಾಗ ಅದರ ಮುಖ್ಯ ಆಶಯ ತಾಯಿಯಂತ್ರಗಳು ನಮ್ಮಲ್ಲೇ ತಯಾರಾಗಬೇಕೆಂಬುದಾಗಿತ್ತು. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ಒಂದು ತಾಯಿಯಂತ್ರವಿದೆ. ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಅದರ ಹೆಸರು ಕಂಪೈಲರು.

ಗಣಕಯಂತ್ರದ ಹೃದಯವಾದ ಮೈಕ್ರೊಪ್ರೊಸೆಸರಿಗೆ ತಿಳಿಯುವುದು ಸಂಖ್ಯೆಗಳು ಮಾತ್ರ. "ಈ ಮನೆಯಲ್ಲಿರುವ ಸಂಖ್ಯೆಯನ್ನು ಆ ಮನೆಗೆ ಒಯ್ಯಿ", "ಇವೆರಡನ್ನು ಕೂಡು", "ಉತ್ತರ ಸೊನ್ನೆಯಾದರೆ ಅಲ್ಲಿಗೆ ಹಾರು" ಎಂಬ ಬಗೆಯ ಪುಟ್ಟ ಆಜ್ಞೆಗಳೇ ಅದರ ಭಾಷೆಯ ವಾಕ್ಯಗಳು. ಅವೂ ಸಂಖ್ಯೆಗಳ ರೂಪದಲ್ಲಿಯೇ ಇರಬೇಕು. ಮನುಷ್ಯನಿಗಾದರೋ ಹೀಗೆ ಸಾವಿರಗಟ್ಟಲೆ ಸಾಲು ಬರೆಯುವುದು ಅಸಾಧ್ಯವಲ್ಲದಿದ್ದರೂ ಅಪಾಯಕರ. ಆದುದರಿಂದ ಆತನು ಬೀಜಗಣಿತದಂತೆ ಓದಬಹುದಾದ ಒಂದು ಭಾಷೆಯಲ್ಲಿ ಪ್ರೋಗ್ರಾಮನ್ನು ಬರೆಯುತ್ತಾನೆ. ಕಂಪೈಲರು ಅದನ್ನು ಪ್ರೊಸೆಸರಿನ ಸಂಖ್ಯೆಗಳಿಗೆ ಭಾಷಾಂತರಿಸುತ್ತದೆ. ಕಂಪೈಲರೂ ಒಂದು ಪ್ರೋಗ್ರಾಮೇ. ಆಪರೇಟಿಂಗ್ ಸಿಸ್ಟಮ್, ವಿಮಾನದ ನಿಯಂತ್ರಣ, ರಾಕೆಟ್ಟಿನ ಮಾರ್ಗದರ್ಶನ ಮುಂತಾದ ತಳಹದಿಯ ಕೆಲಸಗಳಿಗೆ ಸಿ, ಏಡಾ, ರಸ್ಟ್ ಮೊದಲಾದ ಭಾಷೆಗಳನ್ನು ಬಳಸುತ್ತಾರೆ. ಯಂತ್ರದ ಮೈಮೇಲೆಯೇ ನಡೆಯುವ ಭಾಷೆಗಳು ಇವು. ಇವುಗಳಲ್ಲಿ ಆದ ತಪ್ಪನ್ನು ಹಿಡಿಯಲು ಕೆಳಗೆ ಇನ್ನಾರೂ ಇರುವುದಿಲ್ಲ.

ನಮ್ಮ ಬಸ್ಸು ಪೀಣ್ಯದ ಒಳರಸ್ತೆಗಳನ್ನು ದಾಟುತ್ತಿದ್ದಾಗ ವಿದ್ಯಾರ್ಥಿಗಳಿಗೆ ಇಸ್ಟ್ರಾಕ್ ಎಂಬ ಸಂಸ್ಥೆಯೂ ಈ ಕೈಗಾರಿಕಾ ಪ್ರದೇಶದಲ್ಲಿಯೇ ಇದೆಯೆಂದು ಹೇಳಿದೆವು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರು ಚಂದ್ರನ ಮೇಲೆ ಇಳಿದುದನ್ನು ವಿಜ್ಞಾನಿಗಳು ಗಮನಿಸುತ್ತಿದ್ದುದು ಲೇತುಗಳ ಈ ನೆರೆಹೊರೆಯಿಂದಲೇ. ಆ ಲ್ಯಾಂಡರಿನ ಹೆಸರು ವಿಕ್ರಮ್. ನಾವು ಹೇಳಹೊರಟಿರುವುದು ಅದೇ ಹೆಸರಿನ ಇನ್ನೊಂದು ವಸ್ತುವನ್ನು, ಬೆರಳ ತುದಿಯಲ್ಲಿ ಹಿಡಿಯಬಹುದಾದ ಒಂದು ಚಿಪ್ಪನ್ನು ಕುರಿತು.

ನಮ್ಮ ಉಡಾವಣಾ ರಾಕೆಟ್ಟುಗಳಲ್ಲಿ 2009ರಿಂದ ವಿಕ್ರಮ್ 1601 ಎಂಬ 16 ಬಿಟ್ಟಿನ ಸ್ವದೇಶೀ ಪ್ರೊಸೆಸರನ್ನು ಬಳಸಲಾಗಿದೆ. ಅದರ ಮುಂದಿನ ಪೀಳಿಗೆ 32 ಬಿಟ್ಟಿನ ವಿಕ್ರಮ್ 3201. ಇದನ್ನು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವು ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯೊಡನೆ ರೂಪಿಸಿತು. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್ಎಲ್‌ವಿ-ಸಿ60 ಯಾನದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 2025ರ ಮಾರ್ಚ್ 5ರಂದು ಮೊದಲ ತಂಡದ ಚಿಪ್ಪುಗಳು ಇಸ್ರೊದ ಕೈ ಸೇರಿದುವು.

ಪತ್ರಿಕೆಗಳು ಚಿಪ್ಪಿನ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿದುವು. ವರದಿಯ ಕೊನೆಯಲ್ಲಿದ್ದ ಒಂದು ಸಾಲು ಮಾತ್ರ ಬಹಳ ಜನರ ಕಣ್ಣಿಗೆ ಬೀಳಲಿಲ್ಲವೆಂದು ನಮಗೆ ತೋರುತ್ತದೆ. ಈ ಪ್ರೊಸೆಸರಿಗಾಗಿ ಏಡಾ ಭಾಷೆಯ ಕಂಪೈಲರನ್ನೂ ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್‌ಗಳನ್ನೂ ಇಸ್ರೊ ತಾನೇ ತಯಾರಿಸಿದೆ, ಸಿ ಭಾಷೆಯ ಕಂಪೈಲರು ತಯಾರಾಗುತ್ತಿದೆ ಎಂಬುದೇ ಆ ಸಾಲು. ಚಿಪ್ಪು ನಮ್ಮದೇ ಆದಮೇಲೆ ಅದರ ಆಜ್ಞೆಗಳ ಪಟ್ಟಿಯೂ ನಮ್ಮದೇ; ಅದನ್ನು ತಿಳಿದ ಕಂಪೈಲರು ಹೊರಗಿನ ಅಂಗಡಿಯಲ್ಲಿ ದೊರೆಯದು. ಭಾಷಾಂತರಕಾರನಿಲ್ಲದ ಚಿಪ್ಪು ಕಿವುಡ ರಾಯಭಾರಿಯಂತೆ.

ಏಡಾ ಎಂಬುದು ಚಾರ್ಲ್ಸ್ ಬ್ಯಾಬೇಜನ ಯಂತ್ರವನ್ನು ಕುರಿತು ಬರೆದ ಏಡಾ ಲವ್ಲೇಸ್ ಎಂಬ ಮಹಿಳೆಯ ಹೆಸರು. ಅಮೆರಿಕದ ರಕ್ಷಣಾ ಇಲಾಖೆಗಾಗಿ ಫ್ರಾನ್ಸಿನ ಝಾನ್ ಇಷ್ಬಿಯಾ ಅವರ ತಂಡ ಈ ಭಾಷೆಯನ್ನು ರಚಿಸಿತು. ಅದರ ಸೈನಿಕ ಪ್ರಮಾಣಪತ್ರದ ಸಂಖ್ಯೆ 1815. ಆಕೆ ಹುಟ್ಟಿದ ವರ್ಷವೂ ಅದೇ. 2001ರ ಜನವರಿ 4ರಂದು ಬೆಂಗಳೂರಿನ ಎಚ್ಎಎಲ್ ವಿಮಾನ ನಿಲ್ದಾಣದಿಂದ ಮೊದಲು ಹಾರಿದ ತೇಜಸ್ ವಿಮಾನದ ಹಾರಾಟ ನಿಯಂತ್ರಣಕ್ಕೂ ಏಡಾ ಭಾಷೆಯ ಒಂದು ಭಾಗವನ್ನೇ ಆರಿಸಿಕೊಂಡಿದ್ದರು. ಏಕೆ? ಈ ಭಾಷೆ ಸಂಶಯದ ಸ್ವಭಾವದ್ದು. "ಈ ಸಂಖ್ಯೆ 1ರಿಂದ 100ರ ಒಳಗಿರಬೇಕು" ಎಂದು ಮೊದಲೇ ಹೇಳಿದರೆ, ಪ್ರೋಗ್ರಾಮು ಓಡುವಾಗ ಆ ಸಂಖ್ಯೆ ಬದಲಾದಾಗಲೆಲ್ಲ ಅದು ಎಲ್ಲೆಯೊಳಗಿದೆಯೇ ಎಂದು ಪರೀಕ್ಷಿಸುವ ಆಜ್ಞೆಗಳನ್ನು ಕಂಪೈಲರು ತಾನಾಗಿ ಸೇರಿಸುತ್ತದೆ. ಎಲ್ಲೆ ಮೀರಿದರೆ ಕೂಗೆಬ್ಬಿಸುತ್ತದೆ.

ಆದರೆ ಪರೀಕ್ಷೆ ಪುಕ್ಕಟೆಯಲ್ಲ. ಒಂದೊಂದಕ್ಕೂ ಪ್ರೊಸೆಸರಿನ ಕಾಲ ಬೇಕು. ರಾಕೆಟ್ಟಿನ ಗಣಕಯಂತ್ರಕ್ಕೆ ಕಾಲವೇ ಬಂಗಾರ. ಗೊತ್ತಾದ ಕ್ಷಣದೊಳಗೆ ಲೆಕ್ಕ ಮುಗಿಯದಿದ್ದರೆ ಸರಿಯಾದ ಉತ್ತರವೂ ತಪ್ಪುತ್ತರವೇ. ಈ ಜಿಪುಣತನ ಎಲ್ಲಿಗೆ ಒಯ್ಯಬಹುದೆಂಬುದು 1996ರ ಜೂನ್ 4ರಂದು ತಿಳಿಯಿತು.

ಅಂದು ಫ್ರೆಂಚ್ ಗಯಾನಾದ ಕೂರೂನಿಂದ ಯುರೋಪಿನ ಏರಿಯಾನ್-5 ರಾಕೆಟ್ಟು ಮೊದಲ ಬಾರಿಗೆ ಹಾರಿತು. ಸುಮಾರು 40 ಸೆಕೆಂಡುಗಳಲ್ಲಿ, 3,700 ಮೀಟರುಗಳ ಎತ್ತರದಲ್ಲಿ, ಅದು ದಾರಿ ತಪ್ಪಿ ಒಡೆದುಹೋಯಿತು. ನಾಲ್ಕು ಉಪಗ್ರಹಗಳು ನಾಶವಾದುವು. ಅದರ ದಿಕ್ಸೂಚಕ ಉಪಕರಣದ ಪ್ರೋಗ್ರಾಮು ಏಡಾದಲ್ಲಿತ್ತು, ಮತ್ತು ಅದನ್ನು ಹಿಂದಿನ ಏರಿಯಾನ್-4ರಿಂದ ಹಾಗೆಯೇ ತೆಗೆದುಕೊಂಡಿದ್ದರು. ಅಡ್ಡಲಾದ ವೇಗಕ್ಕೆ ಸಂಬಂಧಿಸಿದ ಒಂದು 64 ಬಿಟ್ಟಿನ ಸಂಖ್ಯೆಯನ್ನು ಅದು 16 ಬಿಟ್ಟಿನ ಪೂರ್ಣಾಂಕವಾಗಿ ಮಾರ್ಪಡಿಸಬೇಕಾಗಿತ್ತು. 16 ಬಿಟ್ಟುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಹೊಸ ರಾಕೆಟ್ಟಿನ ವೇಗ ಹೆಚ್ಚು, ಸಂಖ್ಯೆ ಹಿಡಿಸಲಿಲ್ಲ. ಯಂತ್ರ ದೋಷವನ್ನು ಸಾರಿತು. ಅದನ್ನು ನಿಭಾಯಿಸುವ ಏರ್ಪಾಡಿಲ್ಲದೆ ಉಪಕರಣವು ಮುಚ್ಚಿಕೊಂಡಿತು. ಬದಲಿ ಉಪಕರಣವೂ ಅದೇ ಪ್ರೋಗ್ರಾಮಿನದಾದುದರಿಂದ ಅದು ಮೊದಲೇ ನಿಂತುಹೋಗಿತ್ತು.

ತನಿಖೆಯ ಮಂಡಲಿ ಕಂಡುಕೊಂಡ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಮರೆಯಬಾರದು. ಇಂಥ ಏಳು ಸಂಖ್ಯೆಗಳಿದ್ದುವು. ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಹಾಗೆಯೇ ಬಿಟ್ಟಿದ್ದರು, ಏಕೆಂದರೆ ಗಣಕಯಂತ್ರದ ಕೆಲಸದ ಭಾರ ಶೇಕಡ 80ನ್ನು ಮೀರಬಾರದೆಂದು ಗುರಿಯಿತ್ತು. ಈ ಅನಾಹುತ ಕಂಪೈಲರಿನ ತಪ್ಪಲ್ಲ. ಒಳ್ಳೆಯ ಕಂಪೈಲರಿದ್ದಿದ್ದರೆ ರಾಕೆಟ್ಟು ಉಳಿಯುತ್ತಿತ್ತೆಂದು ಹೇಳುವುದೂ ಅತಿಯಾದೀತು. ಆದರೂ ನಮ್ಮ ಅಭಿಪ್ರಾಯ ಇಷ್ಟು: ರಕ್ಷಣೆ ದುಬಾರಿಯಾದಲ್ಲೆಲ್ಲ ಮನುಷ್ಯನು ಅದನ್ನು ತಾನೇ ಕೈಯಾರೆ ತೆಗೆದುಹಾಕುತ್ತಾನೆ, ಯಾವುದನ್ನು ತೆಗೆಯಬೇಕೆಂಬ ಆಯ್ಕೆಯಲ್ಲಿ ಎಂದಾದರೊಂದು ದಿನ ತಪ್ಪುತ್ತಾನೆ. ಕಂಪೈಲರನ್ನು ಉತ್ತಮಗೊಳಿಸುವುದೆಂದರೆ ಮುಖ್ಯವಾಗಿ ಈ ರಕ್ಷಣೆಯ ಬೆಲೆಯನ್ನು ಇಳಿಸುವುದು.

ಅದು ಹೇಗೆ ಸಾಧ್ಯ? ನೂರು ಉಷ್ಣತೆಗಳ ಒಂದು ಪಟ್ಟಿಯಿದೆಯೆನ್ನೋಣ. ಒಂದರಿಂದ ನೂರರವರೆಗೆ ಎಣಿಸುತ್ತ ಒಂದೊಂದನ್ನೂ ಓದಬೇಕು. ದಡ್ಡ ಕಂಪೈಲರು ಪ್ರತಿ ಸಲವೂ "ಈ ಕ್ರಮಸಂಖ್ಯೆ ಪಟ್ಟಿಯೊಳಗಿದೆಯೇ?" ಎಂದು ಕೇಳುವ ಆಜ್ಞೆಯನ್ನು ಸೇರಿಸುವುದು, ನೂರು ಪರೀಕ್ಷೆಗಳಾದುವು. ಜಾಣ ಕಂಪೈಲರು ಭಾಷಾಂತರದ ಸಮಯದಲ್ಲಿಯೇ ತರ್ಕಿಸುವುದು: ಎಣಿಕೆ 1ಕ್ಕಿಂತ ಕಡಿಮೆಯಾಗದು, 100ನ್ನು ಮೀರದು, ಆದುದರಿಂದ ಪರೀಕ್ಷೆಯೇ ಬೇಡ. ರೇಖಾಗಣಿತದ ಪ್ರಮೇಯದಂತೆ ಇದು ಸಾಧಿಸಿದ ಸತ್ಯ, ಊಹೆಯಲ್ಲ. ಇನ್ನು ಎಣಿಕೆಯ ಕೊನೆ ಹೊರಗಿನಿಂದ ಬರುವ ಸಂಖ್ಯೆಯಾದರೆ, ಪ್ರತಿ ಹೆಜ್ಜೆಯಲ್ಲಿ ಕೇಳುವ ಬದಲು ಆರಂಭದಲ್ಲಿ ಒಮ್ಮೆ ಕೇಳಿದರೆ ಸಾಲದೇ? ಬಸ್ಸು ಹತ್ತುವಾಗಲೇ ಪಾಸು ನೋಡಿದ ಕಂಡಕ್ಟರು ಪ್ರತಿ ನಿಲ್ದಾಣದಲ್ಲೂ ಮತ್ತೆ ನೋಡುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹೊರಗಿನಿಂದ ಬಂದ ಸಂಖ್ಯೆ 120 ಆಗಿದ್ದರೆ, ಮೂಲ ಪ್ರೋಗ್ರಾಮು ನೂರು ಉಷ್ಣತೆಗಳನ್ನು ಓದಿ ಆಮೇಲೆ ಕೂಗುತ್ತಿತ್ತು. ಪರೀಕ್ಷೆಯನ್ನು ಮುಂದಕ್ಕೆ ತಂದುದರಿಂದ ಈಗ ಒಂದನ್ನೂ ಓದದೆ ಕೂಗುತ್ತದೆ. ಭಾಷಾಂತರಕಾರನು ಅರ್ಥವನ್ನು ಬದಲಾಯಿಸಿದನೇ, ಇಲ್ಲವೇ? ಏಡಾದ ಪ್ರಮಾಣಗ್ರಂಥದಲ್ಲಿ ಈ ಪ್ರಶ್ನೆಗೆಂದೇ ನಿಯಮಗಳಿವೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ವೈಟ್‌ಫೀಲ್ಡಿನ ಒಂದು ಕಂಪೆನಿಯ ಕಂಪೈಲರ್ ವಿಭಾಗದಲ್ಲಿದ್ದಾನೆ. ಈ ತಿಂಗಳು ಏನು ಮಾಡಿದೆಯಪ್ಪ ಎಂದು ಕೇಳಿದರೆ, "ಒಂದು ಹೋಲಿಕೆಯ ಆಜ್ಞೆಯನ್ನು ತೆಗೆದೆ ಸಾರ್" ಎಂದನು. ತೆಗೆದದ್ದು ಒಂದು ದಿನದ ಕೆಲಸ. ತೆಗೆಯಬಹುದೆಂದು ತನಗೂ ಇತರರಿಗೂ ಮನವರಿಕೆ ಮಾಡಿಕೊಟ್ಟದ್ದು ಉಳಿದ ದಿನಗಳ ಕೆಲಸ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳಲ್ಲಿ ಹೀಗೆ ದುಡಿಯುವವರಿದ್ದಾರೆ. ಮಗ ಏನು ತಯಾರಿಸುತ್ತಾನೆಂದು ನೆಂಟರು ಕೇಳಿದರೆ ಆತನ ತಾಯಿಗೆ ಹೇಳಲು ಏನೂ ತೋಚುವುದಿಲ್ಲವಂತೆ.

ಹಾಗಾದರೆ ತಿದ್ದಿದ ಕಂಪೈಲರನ್ನು ನಂಬುವುದು ಹೇಗೆ? ಇಲ್ಲಿ ಲೇತಿನ ಪ್ರಶ್ನೆಗೆ ಹಿಂದಿರುಗಬೇಕಾಗಿದೆ. ಮೊದಲ ಸಪಾಟು ಮೈಯನ್ನು ಯಾವ ಯಂತ್ರವೂ ಕೊಡಲಿಲ್ಲ. ಕೈಯಿಂದ ಹೆರೆದು ಮಾಡಿದರು. ಎರಡು ತಟ್ಟೆಗಳನ್ನು ಒಂದಕ್ಕೊಂದು ಹೊಂದುವಂತೆ ಹೆರೆದರೆ ಒಂದು ಉಬ್ಬಿ ಇನ್ನೊಂದು ತಗ್ಗಿ, ಆದರೂ ಸರಿಯಾಗಿ ಕೂತಾವು. ಮೂರು ತಟ್ಟೆಗಳನ್ನು ತೆಗೆದುಕೊಂಡು ಪ್ರತಿ ಜೋಡಿಯೂ ಹೊಂದುವಂತೆ ಹೆರೆದರೆ ಮಾತ್ರ ಮೂರೂ ಸಪಾಟಾಗುವುವು. ಇಂಗ್ಲೆಂಡಿನ ವಿಟ್‌ವರ್ತ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದ ಉಪಾಯವಿದು.

ಏಡಾ ಭಾಷೆಯ ಪ್ರಸಿದ್ಧ ಕಂಪೈಲರೊಂದು ಜಿಸಿಸಿ ಎಂಬ ಕಂಪೈಲರ್ ಸಮೂಹದಲ್ಲಿ ಸೇರಿದೆ; ಅದನ್ನು ಬಹುಮಟ್ಟಿಗೆ ಏಡಾದಲ್ಲಿಯೇ ಬರೆದಿದ್ದಾರೆ. ಜಿಸಿಸಿಯನ್ನು ಕಟ್ಟುವಾಗಲೂ ಮೂರು ಹಂತಗಳುಂಟು. ಹಳೆಯ ಕಂಪೈಲರು ಹೊಸ ಕಂಪೈಲರಿನ ಪಠ್ಯವನ್ನು ಭಾಷಾಂತರಿಸಿದರೆ ಮೊದಲನೆಯದು ಹುಟ್ಟುವುದು. ಅದೇ ಪಠ್ಯವನ್ನು ಮೊದಲನೆಯದು ಭಾಷಾಂತರಿಸಿದರೆ ಎರಡನೆಯದು; ಎರಡನೆಯದು ಭಾಷಾಂತರಿಸಿದರೆ ಮೂರನೆಯದು. ಎರಡನೆಯದೂ ಮೂರನೆಯದೂ ಅಕ್ಷರಶಃ ಒಂದೇ ಆಗಿರಬೇಕು. ಒಂದು ಬಿಟ್ಟು ಬೇರೆಯಾದರೂ ಎಲ್ಲೋ ಉಬ್ಬು ತಗ್ಗುಂಟೆಂದರ್ಥ. ತಟ್ಟೆಗಳ ಹೋಲಿಕೆಯನ್ನು ಇದಕ್ಕಿಂತ ಎಳೆಯಬಾರದು. ಮೂರು ಹಂತಗಳನ್ನು ದಾಟಿಯೂ ಉಳಿಯುವ ಮೋಸವನ್ನು ಕಂಪೈಲರಿನಲ್ಲಿ ಅಡಗಿಸಿಡಬಹುದೆಂದು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ತೋರಿಸಿದ್ದಾರೆ. ರಾಕೆಟ್ಟಿನ ಪ್ರೊಸೆಸರಿಗಾಗಿ ಬರೆದ ಕಂಪೈಲರಾದರೋ ಮೇಜಿನ ಮೇಲಿನ ಬೇರೆ ಗಣಕಯಂತ್ರದಲ್ಲಿ ಓಡುವುದು. ಅದು ಹೊರಡಿಸುವ ಆಜ್ಞೆಗಳು ರಾಕೆಟ್ಟಿನ ಚಿಪ್ಪಿಗೆ ಸೇರಿದುವು. ತನ್ನನ್ನೇ ಭಾಷಾಂತರಿಸಿ ನೋಡಿಕೊಳ್ಳುವ ಈ ಉಪಾಯ ಅಂಥಲ್ಲಿ ಸಾಲದು. ಆ ಚಿಪ್ಪನ್ನು ಅನುಕರಿಸುವ ಸಿಮ್ಯುಲೇಟರನ್ನೂ ಜೊತೆಯಲ್ಲಿಯೇ ಸಿದ್ಧಪಡಿಸಬೇಕಾದುದು ಇದರಿಂದಲೇ.

ಕಂಪೈಲರಿನ ಜೊತೆಗೆ ಬರುವ ಇನ್ನೊಂದು ವಸ್ತು ಸ್ಟಾಂಡರ್ಡ್ ಲೈಬ್ರರಿ. ಹುಡುಕುವುದು, ಜೋಡಿಸುವುದು, ವರ್ಗಮೂಲ ತೆಗೆಯುವುದು ಮುಂತಾದ ನಿತ್ಯದ ಕೆಲಸಗಳನ್ನು ಒಮ್ಮೆ ಚೆನ್ನಾಗಿ ಬರೆದು ಎಲ್ಲರ ಉಪಯೋಗಕ್ಕೆ ಇಟ್ಟ ಭಂಡಾರವಿದು. ಇದರ ತಪ್ಪು ಊರಿನ ಬಾವಿಯಲ್ಲಿ ಬಿದ್ದ ಕಸದಂತೆ. ಎಲ್ಲರ ಮನೆಯನ್ನೂ ತಲಪುವುದು. ಅಕಾರಾದಿಯಲ್ಲಿರುವ ನಿಘಂಟಿನಲ್ಲಿ ಪದವನ್ನು ಹುಡುಕುವಾಗ ನಡುವಿನ ಪುಟವನ್ನು ತೆರೆದು ಹಿಂದೋ ಮುಂದೋ ಎಂದು ನಿರ್ಧರಿಸುತ್ತೇವಲ್ಲವೇ? ಲೈಬ್ರರಿಗಳೂ ಹೀಗೆಯೇ ಹುಡುಕುವುವು. ನಡುವನ್ನು ಕಾಣಲು ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರಾಯಿತು, ಹೈಸ್ಕೂಲಿನ ಲೆಕ್ಕ.

ಜಾವಾ ಭಾಷೆಯ ಲೈಬ್ರರಿಯಲ್ಲಿ ಹೀಗೆ ಬರೆದಿದ್ದರು. ಸುಮಾರು ಒಂಬತ್ತು ವರ್ಷ ಯಾರಿಗೂ ಸಂಶಯ ಬರಲಿಲ್ಲ. ಆ ಭಾಗವನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. 16 ಬಿಟ್ಟಿನ ಉದಾಹರಣೆಯನ್ನೇ ನೋಡಿರಿ. ಕೆಳತುದಿ 15,000, ಮೇಲ್ತುದಿ 20,000. ಎರಡೂ 32,767ರ ಎಲ್ಲೆಯೊಳಗಿವೆ. ಮೊತ್ತ 35,000. ಇದು ಹಿಡಿಸದು; ಗಡಿಯಾರದ ಮುಳ್ಳು 12ನ್ನು ದಾಟಿ ಮತ್ತೆ 1ಕ್ಕೆ ಬರುವಂತೆ, ಎಣಿಕೆ ಸುತ್ತಿ ಬಂದು −30,536 ಆಗುವುದು. ಅದರ ಅರ್ಧ −15,268. ಅಂಥ ಪುಟವಿರುವ ನಿಘಂಟು ಎಲ್ಲಿಯೂ ಇಲ್ಲ. ಜಾವಾದಲ್ಲಿ 32 ಬಿಟ್ಟುಗಳಿದ್ದುದರಿಂದ ಪಟ್ಟಿಯಲ್ಲಿ ನೂರು ಕೋಟಿಗೂ ಹೆಚ್ಚು ವಸ್ತುಗಳು ಸೇರುವವರೆಗೆ ಈ ತಪ್ಪು ತಲೆಯೆತ್ತಲಿಲ್ಲ. ಎಲ್ಲೆಯನ್ನು ದೊಡ್ಡದು ಮಾಡಿದರೆ ತಪ್ಪು ಸಾಯುವುದಿಲ್ಲ, ದೂರ ಹೋಗಿ ಕಾಯುತ್ತದೆ.

ಮದ್ದು ಸರಳ. ಮೇಲ್ತುದಿಯಿಂದ ಕೆಳತುದಿಯನ್ನು ಕಳೆದು, ವ್ಯತ್ಯಾಸದ ಅರ್ಧವನ್ನು ಕೆಳತುದಿಗೆ ಕೂಡಿಸಬೇಕು. 5,000ದ ಅರ್ಧ 2,500; 15,000ಕ್ಕೆ ಕೂಡಿಸಿದರೆ 17,500. ಎಲ್ಲಿಯೂ ಎಲ್ಲೆ ಮೀರಲಿಲ್ಲ. ಪುಟಸಂಖ್ಯೆಗಳಿಗೆ ಇಷ್ಟು ಸಾಕು.

ಆದರೆ ಲೈಬ್ರರಿಯನ್ನು ಬರೆಯುವವರು ಪುಟಸಂಖ್ಯೆಗಳನ್ನಷ್ಟೇ ನಂಬಿ ಕೂರುವಂತಿಲ್ಲ. ಯಾವ ಎರಡು ಪೂರ್ಣಾಂಕಗಳನ್ನು ಕೊಟ್ಟರೂ ನಡುವಿನದನ್ನು ಹೇಳುವ "ಮಧ್ಯಬಿಂದು" ಎಂಬ ಪ್ರತ್ಯೇಕ ಸಾಧನವನ್ನೇ ಸಿ++ ಭಾಷೆಯ ಲೈಬ್ರರಿಗೆ 2020ರ ಪ್ರಮಾಣದಲ್ಲಿ ಸೇರಿಸಿದರು. ಏಕೆ ಬೇಕಾಯಿತೆಂದು ಬಸ್ಸಿನಲ್ಲಿ ಅದೇ ವಿದ್ಯಾರ್ಥಿನಿಯನ್ನು ಕೇಳಿದೆವು. ಆಕೆ ನೋಟ್ ಪುಸ್ತಕ ತೆಗೆದು −20,000 ಮತ್ತು 30,000 ಎಂದು ಬರೆದುಕೊಂಡು ಮೇಲಿನ ಮದ್ದನ್ನೇ ಪ್ರಯೋಗಿಸಿದಳು. ಯಶವಂತಪುರ ಬರುವ ಹೊತ್ತಿಗೆ, "ಸಾರ್, ಕಳೆಯುವಾಗಲೇ 50,000 ಆಯಿತು, ಹಿಡಿಸುವುದಿಲ್ಲ" ಎಂದಳು. 16 ಬಿಟ್ಟುಗಳನ್ನು ಎಲ್ಲಿಯೂ ಮೀರದೆ ಈ ಎರಡರ ನಡುವನ್ನೂ, 15,000 ಮತ್ತು 20,000ದ ನಡುವನ್ನೂ ಒಂದೇ ವಿಧಾನದಿಂದ ಕಾಣುವುದು ಹೇಗೆಂಬುದನ್ನು ವಾಚಕರು ಕಾಗದದ ಮೇಲೆ ಪ್ರಯತ್ನಿಸಿ ನೋಡಬಹುದು.